ಅಮ್ಮನ ಮನೆಯ ಗಾರೆ ನೆಲ

ಈ ಯುಗಾದಿಗೆ ತಿಪಟೂರಿಗೆ ಹೋಗಿದ್ದಾಗ ತಮ್ಮ ಊಟದ ಮಧ್ಯೆ ಮಾತು ತೆಗೆದ. “ಅಕ್ಕ, ಮಳೆಗಾಲ ಶುರುವಾಗೋಷ್ಟರಲ್ಲಿ ನಡುಮನೆಗೆ ಟೈಲ್ಸ್ ಹಾಕಿಸಿಬಿಡೋಣ ಅಂತಿದೀನಿ. ಹಳೇ ನೆಲ ಒಡೆಯೋದೂ ಬೇಡವಂತೆ, ಅದರ ಮೇಲೇ ಅಂಟಿಸ್ತಾರಂತೆ. ನಾಲ್ಕು ದಿನದ ಕೆಲಸ.” ಅಮ್ಮ ಹೋಳಿಗೆಗೆ ತುಪ್ಪ ಬಡಿಸುತ್ತಿದ್ದಳು. ಏನೂ ಅನ್ನಲಿಲ್ಲ. ತುಪ್ಪದ ಮಿಳ್ಳೆ ಹಿಡಿದುಕೊಂಡು ಹಾಗೇ ಅಡುಗೆಮನೆಗೆ ಹೋದಳು. ನಾನು ಬಾಯಲ್ಲಿ ಹೋಳಿಗೆ ಇಟ್ಟುಕೊಂಡೇ “ಹೂಂ, ಹಾಕ್ಸು” ಅಂದೆ.

ಬೆಂಗಳೂರಿಗೆ ವಾಪಸು ಬಂದು ಎರಡು ವಾರವಾದರೂ ಆ ‘ಹೂಂ’ ಗಂಟಲಲ್ಲೇ ಸಿಕ್ಕಿಕೊಂಡಿತ್ತು. ತಮ್ಮ ಹೇಳಿದ್ದರಲ್ಲಿ ತಪ್ಪೇನಿಲ್ಲ. ಆ ಗಾರೆ ನೆಲಕ್ಕೆ ಹತ್ತಿರಹತ್ತಿರ ಐವತ್ತು ವರ್ಷ. ದೇವರ ಮನೆ ಹೊಸ್ತಿಲಿನಿಂದ ಕಂಬದವರೆಗೆ ಒಂದು ಬಿರುಕು ಓಡಿದೆ. ಬಚ್ಚಲ ಕಡೆಯ ಮೂಲೆಯಲ್ಲಿ ಮೊರದಗಲ ಮೇಲ್ಪದರ ಎದ್ದು ಬಂದು ಒಳಗಿನ ಬೂದುಬಣ್ಣದ ಸಿಮೆಂಟು ಕಾಣುತ್ತಿದೆ. ಅಪ್ಪ ಹೋದ ಮೇಲೆ ಅಮ್ಮ ನೆಲಕ್ಕೆ ಎಣ್ಣೆ ಹಚ್ಚುವುದನ್ನೂ ಬಿಟ್ಟಳು, ಕೆಂಪು ಮಂಕಾಗಿದೆ. ಅವಳಿಗೀಗ 78, ಎರಡೂ ಮಂಡಿ ನೋವು. ಇಷ್ಟೆಲ್ಲ ಗೊತ್ತಿದ್ದೂ ಆ ನೆಲದ ಮೇಲೆ ಟೈಲ್ಸ್ ಬಂದು ಕೂರುತ್ತೆ ಅಂದರೆ ನನಗೆ ಯಾಕೆ ಇಷ್ಟು ಸಂಕಟ? ಬರೀ ಹಳೆಯದರ ಮೇಲಿನ ಮೋಹವಾಗಿದ್ದರೆ ಅದನ್ನು ತಂದು ಅಮ್ಮನ ಮಂಡಿಯ ಮುಂದೆ ನಿಲ್ಲಿಸುವ ಹಕ್ಕು ನನಗಿಲ್ಲ. ಹಾಗಾಗಿ ಕೂತು ಯೋಚಿಸಿದೆ. ಯೋಚಿಸುತ್ತಾ ಹೋದ ಹಾಗೆ ಅಮ್ಮನ ಮನೆಯ ನೆಲದ ಜೊತೆಗೆ ನನ್ನ ಬೆಂಗಳೂರಿನ ಫ್ಲಾಟಿನ ನೆಲವೂ ಲೆಕ್ಕಕ್ಕೆ ಬಂತು.

ಗಾರೆಯವರು ಬಂದ ಬೇಸಿಗೆ

1976ರ ಬೇಸಿಗೆ. ನನಗೆ ಎಂಟು ವರ್ಷ, ತಮ್ಮನಿಗೆ ಐದು. ಅಲ್ಲಿಯವರೆಗೆ ನಡುಮನೆಗಿದ್ದದ್ದು ಸೆಗಣಿ ಸಾರಿಸಿದ ಮಣ್ಣಿನ ನೆಲ. ಆ ವರ್ಷ ಕೊಬ್ಬರಿ ಮಾರಿ ಬಂದ ದುಡ್ಡಿನಲ್ಲಿ ಅಪ್ಪ ಗಾರೆ ಹಾಕಿಸಲು ಹೊರಟರು. ಬಂದದ್ದು ಇಬ್ಬರೇ, ಒಬ್ಬ ವಯಸ್ಸಾದ ಮೇಸ್ತ್ರಿ, ಜೊತೆಗೆ ಅವನ ಮಗ. ತಳಕ್ಕೆ ಜಲ್ಲಿ ಕಾಂಕ್ರೀಟು ಹಾಕಿ ಮಟ್ಟ ಮಾಡಿಕೊಂಡದ್ದು ನನಗೆ ಅಷ್ಟಾಗಿ ನೆನಪಿಲ್ಲ. ನೆನಪಿರುವುದು ಬಣ್ಣ ಕಲೆಸಿದ ದಿನ. ಅಂಗಳದಲ್ಲಿ ತಾಡಪಾಲು ಹಾಸಿ ಸಿಮೆಂಟು ಸುರಿದು, ಅದರ ಮೇಲೆ ಕೆಂಪು ಪುಡಿ ಸುರಿದು, ಇಬ್ಬರೂ ಎದುರುಬದುರು ನಿಂತು ಗುದ್ದಲಿಯಲ್ಲಿ ಎಳೆದರು, ಜರಡಿ ಹಿಡಿದರು, ಮತ್ತೆ ಎಳೆದರು. ಒಂದು ತೊಟ್ಟೂ ನೀರಿಲ್ಲ. ಇಡೀ ನಡುಮನೆಗೆ ಬೇಕಾದಷ್ಟನ್ನೂ ಹೀಗೆ ಒಣಗಿದ್ದಾಗಲೇ ಒಂದೇ ಸಲ ಕಲೆಸಿ ಇಟ್ಟುಕೊಂಡರು. ಆಮೇಲೆ ಕಡಿಮೆ ಬಿತ್ತು ಅಂತ ಇನ್ನೊಂದು ಸಲ ಕಲೆಸಿದರೆ ಮೊದಲಿನ ಕೆಂಪಿಗೆ ಎರಡನೆಯದು ಹೊಂದುವುದಿಲ್ಲ. ಆ ಮಾತು ನನಗೆ ಅರ್ಥವಾಗಲು ಈ ವರ್ಷದವರೆಗೆ ಕಾಯಬೇಕಾಯಿತು.

ಕೆಂಪು ಪುಡಿ ಅಂದರೆ ಕಬ್ಬಿಣದ ಆಕ್ಸೈಡು, ತುಕ್ಕಿನದೇ ಜಾತಿ. ಬಿಸಿಲಿಗೆ ಮಾಸುವ ಬಣ್ಣವಲ್ಲ ಅದು. ನೆಲ ಮಂಕಾಗಿ ಕಂಡರೆ ಬಣ್ಣ ಹೋಗಿಲ್ಲ, ಮೇಲೆ ಗಡಸು ನೀರಿನ ಸುಣ್ಣದ ಪೊರೆ ಕೂತಿದೆ ಅಂತ ತಿಳಿಯಬೇಕು, ಇಲ್ಲವೇ ಮೇಲ್ಮೈ ಸವೆದು ಒರಟಾಗಿದೆ ಅಂತ.

ಮೇಲ್ಪದರ ಹಾಕಿದ ದಿನ ಮೇಸ್ತ್ರಿ ಹಲಗೆಯ ಮೇಲೆ ಕುಕ್ಕರಗಾಲಲ್ಲಿ ಕೂತು ಹಿಂದಕ್ಕೆ ಹಿಂದಕ್ಕೆ ಸರಿಯುತ್ತಾ ಕರಣೆ ಎಳೆಯುತ್ತಿದ್ದ. ಎಳೆದಷ್ಟೂ ನೀರು ಬೆವರಿನ ಹಾಗೆ ಮೇಲಕ್ಕೆ ಬರುತ್ತಿತ್ತು. ಆಗ ನಿಲ್ಲಿಸಿ ಬೀಡಿ ಹಚ್ಚುತ್ತಿದ್ದ, ನೀರು ಇಂಗುವವರೆಗೆ ಸುಮ್ಮನೆ ನೋಡುತ್ತಿದ್ದ, ಹೆಬ್ಬೆರಳು ಒತ್ತಿ ಪರೀಕ್ಷೆ ಮಾಡಿ ಮತ್ತೆ ಕೂರುತ್ತಿದ್ದ. ಮೊದಮೊದಲು ಗಸಗಸ ಅನ್ನುತ್ತಿದ್ದ ಕರಣೆಯ ಸದ್ದು ರಾತ್ರಿಯ ಹೊತ್ತಿಗೆ ತೆಳ್ಳಗಾಗಿ, ಕಂಚಿನ ತಟ್ಟೆ ಸವರಿದ ಹಾಗೆ ಕೇಳುತ್ತಿತ್ತು. ಮಧ್ಯೆ ಬಿಟ್ಟು ಏಳುವ ಹಾಗಿಲ್ಲ, ಸಿಮೆಂಟು ಯಾರಿಗೂ ಕಾಯುವುದಿಲ್ಲ. ಪಕ್ಕದ ಮನೆಯಿಂದ ಪೆಟ್ರೋಮ್ಯಾಕ್ಸ್ ತಂದು ಇಟ್ಟರು. ನಾನು ಹೊಸ್ತಿಲಾಚೆ ಕೂತು ಆ ಬೆಳಕು ಒದ್ದೆ ಕೆಂಪಿನೊಳಗೆ ಇಳಿಯುವುದನ್ನು ನೋಡುತ್ತಲೇ ನಿದ್ದೆ ಹೋದೆ.

ಮಾರನೆಯ ದಿನ ಹಾಸಲೆಂದು ಗೋಣಿಚೀಲಗಳನ್ನು ನೆನೆಸಿ ಅಂಗಳದಲ್ಲಿ ಇಟ್ಟಿದ್ದರು. ಗಾರೆ ಗಟ್ಟಿಯಾಗಬೇಕಾದರೆ ಒಂದು ವಾರವಾದರೂ ತೇವ ಆರಬಾರದು, ಅದಕ್ಕೆ ಒದ್ದೆ ಗೋಣಿ, ಆಮೇಲೆ ಸುತ್ತ ಮಣ್ಣಿನ ಕಟ್ಟೆ ಕಟ್ಟಿ ನೀರು ನಿಲ್ಲಿಸುವುದು. ದೊಡ್ಡವರೆಲ್ಲ ಈ ಮಾತಾಡುವುದನ್ನು ಕೇಳಿದ್ದ ತಮ್ಮ, ಎಲ್ಲರೂ ಮಲಗಿದ ಮೇಲೆ ಎದ್ದು, ತನ್ನ ಕೈಲಾದ ಸಹಾಯ ಮಾಡಲು ಒಂದು ಚೀಲ ಎಳೆದು ತಂದು ಕಿಟಕಿ ಕೆಳಗಿನ ಮೂಲೆಗೆ ಹಾಕಿಬಿಟ್ಟಿದ್ದ. ಬೆಳಿಗ್ಗೆ ಎತ್ತಿ ನೋಡಿದರೆ ಎರಡು ಅಂಗೈಯಗಲ ಗೋಣಿಯ ನೇಯ್ಗೆ ಹಾಗೇ ಅಚ್ಚೊತ್ತಿದೆ. ಅಪ್ಪನ ಕೈ ಮೇಲೆದ್ದಿತ್ತು. ಮೇಸ್ತ್ರಿ ಅಡ್ಡ ಬಂದ. “ಬುಡಿ ಸ್ವಾಮಿ, ನಾವು ಹಾಕಿದ ನೆಲಕ್ಕೆ ನಿಮ್ಮ ಮಗ ರುಜು ಹಾಕವ್ನೆ.”

ಆ ಗುರುತು ಈಗಲೂ ಇದೆ. ರಾಗಿ ಕಾಳು ಕೂರುವಷ್ಟು ಸಣ್ಣ ಸಣ್ಣ ಗುಳಿಗಳ ಸಾಲು. ಅದರಲ್ಲಿ ದೂಳು ಕೂರುತ್ತಿತ್ತು ಅಂತ ಅಮ್ಮ ಹಬ್ಬದ ಹಿಂದಿನ ದಿನ ಪೊರಕೆ ಕಡ್ಡಿಯಿಂದ ಕೆದಕಿ ಕೆದಕಿ ತೆಗೆಯುತ್ತಿದ್ದಳು. ಟೈಲ್ಸ್ ಹಾಕಿಸೋಣ ಅಂದವನು ಆ ರುಜು ಹಾಕಿದವನೇ.

ಒರೆಸಿದರೆ ಸಾಕು ಅಂದಿದ್ದರು

ನನ್ನ ಮನೆಯ ವಿಷಯಕ್ಕೆ ಬರುತ್ತೇನೆ. 2012ರಲ್ಲಿ ಫ್ಲಾಟ್ ತೆಗೆದುಕೊಂಡಾಗ ಒಳಾಂಗಣದ ಕೆಲಸವನ್ನು ಒಬ್ಬರಿಗೆ ಒಪ್ಪಿಸಿದ್ದೆವು. ನೆಲಕ್ಕೆ ಹಾಲುಬಣ್ಣದ ಹೊಳೆಯುವ ವಿಟ್ರಿಫೈಡ್ ಟೈಲ್ಸ್, ದೇವರ ಮನೆಗೆ ಬಿಳಿ ಮಾರ್ಬಲ್ ಕಟ್ಟೆ, ಅಡುಗೆಮನೆಗೆ ಕನ್ನಡಿಯಂಥ ಲ್ಯಾಮಿನೇಟು. ಯಾವುದನ್ನು ಕೇಳಿದರೂ ಒಂದೇ ಉತ್ತರ, “ಮೇಂಟೆನೆನ್ಸೇ ಇಲ್ಲ ಮೇಡಂ, ಒರೆಸಿದ್ರೆ ಸಾಕು.” ಅಮ್ಮ ಮಂಡಿಯೂರಿ ನೆಲ ತಿಕ್ಕುವುದನ್ನು ನೋಡಿ ಬೆಳೆದವಳಿಗೆ ಆ ಮಾತಿಗಿಂತ ಹಿತವಾದದ್ದು ಬೇರೆ ಇರಲಿಲ್ಲ.

ಮೊದಲ ದೀಪಾವಳಿಗೆ ಹಿತ್ತಾಳೆ ದೀಪಗಳನ್ನು ಹುಣಸೆಹಣ್ಣು ಹಚ್ಚಿ, ನೆನೆಯಲಿ ಅಂತ ಆ ಮಾರ್ಬಲ್ ಕಟ್ಟೆಯ ಮೇಲೇ ಸಾಲಾಗಿ ಇಟ್ಟೆ. ಹುಣಸೆಯ ಹುಳಿ ಹಿತ್ತಾಳೆಯ ಕಿಲುಬನ್ನು ಕರಗಿಸುತ್ತೆ, ಅದಕ್ಕೇ ದೀಪ ಬೆಳಗುವುದು. ಆದರೆ ಮಾರ್ಬಲ್ ಅಂದರೆ ಸುಣ್ಣದ ಕಲ್ಲಿನದೇ ಕುಲ, ಹುಳಿ ಅದನ್ನೂ ಕರಗಿಸುತ್ತೆ. ಅರ್ಧ ಗಂಟೆ ಬಿಟ್ಟು ಎತ್ತಿದಾಗ ದೀಪಗಳು ಥಳಥಳ, ಕಟ್ಟೆಯ ಮೇಲೆ ಹನ್ನೊಂದು ಮಂಕು ಬಳೆಗಳು. ಸೋಪು ಹಾಕಿ ತಿಕ್ಕಿದೆ, ಸೋಡಾ ಹಾಕಿ ತಿಕ್ಕಿದೆ. ಕೊನೆಗೆ ಕಲ್ಲು ಪಾಲಿಶ್ ಮಾಡುವವರನ್ನು ಕರೆಸಿದರೆ ಆತ ಬೆರಳಿನಿಂದ ಸವರಿ ನೋಡಿ, “ಇದು ಕಲೆ ಅಲ್ಲಮ್ಮ, ಕಲೆ ಆಗಿದ್ರೆ ತೆಗೀಬೋದಿತ್ತು. ಕಲ್ಲೇ ಹೋಗಿದೆ” ಅಂದ. ಮಿಷಿನ್ ಹಾಕಿ ಸುತ್ತಲಿನ ಕಲ್ಲನ್ನೂ ಅಷ್ಟೇ ಸವೆಸಿ ಸಮ ಮಾಡಿಕೊಟ್ಟ. ಅದೊಂದೇ ದಾರಿ.

ಅಂದಿನಿಂದ ಯಾರು ಮನೆ ಕಟ್ಟಿಸಿದರೂ ಮೊದಲು ಇದನ್ನೇ ಹೇಳುತ್ತೇನೆ. ಹೊಳಪನ್ನು ನೋಡಬೇಡಿ, ಅದು ಯಾವ ಜಾತಿಯ ಕಲ್ಲು ಅಂತ ಕೇಳಿ. ಮಾರ್ಬಲ್ಲಾಗಲಿ, ನಮ್ಮ ಕಲಬುರಗಿ ಕಡೆಯ ಶಹಾಬಾದ್ ಕಲ್ಲಾಗಲಿ, ಹಳೇ ಮನೆಗಳ ಅಟ್ಟಕ್ಕೆ, ಕಪಾಟಿಗೆ ಹಾಕುತ್ತಿದ್ದ ಕಡಪ ಕಲ್ಲಾಗಲಿ, ಎಲ್ಲ ಸುಣ್ಣದ ಕುಲದವು. ನಿಂಬೆ, ಹುಣಸೆ, ವಿನೆಗರ್, ಟಾಯ್ಲೆಟ್ಟಿನ ಆಸಿಡ್ ಅವುಗಳ ಹತ್ತಿರಕ್ಕೂ ಸುಳಿಯಬಾರದು. ಅನುಮಾನವಿದ್ದರೆ ಕಣ್ಣಿಗೆ ಬೀಳದ ಮೂಲೆಯಲ್ಲಿ ಒಂದು ತೊಟ್ಟು ನಿಂಬೆರಸ ಹಾಕಿ ಹತ್ತು ನಿಮಿಷ ಬಿಟ್ಟು ನೋಡಿ. ಮಂಕಾದರೆ ಅಡುಗೆಮನೆಗೆ ಅದು ಬೇಡ. ದಿನಾ ಹುಳಿ, ಸಾರು, ಚಿತ್ರಾನ್ನ ಮಾಡುವ ಮನೆಗೆ ಗ್ರಾನೈಟೇ ಸರಿ. ಗಾರೆ ನೆಲದಲ್ಲಿರುವುದೂ ಸಿಮೆಂಟೇ ಆದ್ದರಿಂದ ಆಸಿಡ್ ಅದಕ್ಕೂ ಶತ್ರು. ಹೊಸ್ತಿಲಿನ ಅರಿಶಿನದ ಕಲೆಗೂ ಒಂದು ಮಾತು: ಸೋಪು ಹಾಕಬೇಡಿ, ಕ್ಷಾರ ತಗುಲಿದರೆ ಅರಿಶಿನ ಕೆಂಪಗೆ ತಿರುಗುತ್ತೆ, ಓಕುಳಿ ಆಗುವ ಹಾಗೆ. ಬರೀ ನೀರಿನಲ್ಲಿ ಒರೆಸಿ ಬಿಸಿಲು ಬೀಳಲು ಬಿಡಿ. ಅರಿಶಿನದ ಬಣ್ಣ ಬಿಸಿಲಿಗೆ ನಿಲ್ಲುವುದಿಲ್ಲ, ಎರಡು ಮೂರು ದಿನದಲ್ಲಿ ತಾನೇ ಹೋಗುತ್ತೆ. ಬಟ್ಟೆಗೂ ಇದೇ ಉಪಾಯ.

ವಿಟ್ರಿಫೈಡ್ ಟೈಲ್ಸನ್ನು ನಾನು ಕೆಟ್ಟದ್ದು ಅನ್ನುವುದಿಲ್ಲ. ಚೆನ್ನಾಗಿ ಬೆಂದ ಬಿಲ್ಲೆ ಅದು, ನೀರು ಹೀರುವುದು ನೂರಕ್ಕೆ ಅರ್ಧ ಪಾಲಿಗಿಂತಲೂ ಕಡಿಮೆ, ಹಾಗಾಗಿ ಕಲೆ ಹಿಡಿಯುವುದಿಲ್ಲ. ಆದರೆ ಎರಡು ಬಿಲ್ಲೆಗಳ ಮಧ್ಯೆ ಸಂದು ಇರುತ್ತಲ್ಲ, ಅಲ್ಲಿರುವುದು ಸಾಮಾನ್ಯವಾಗಿ ಸಿಮೆಂಟಿನ ಗ್ರೌಟು. ಬಕೆಟ್ಟಿನ ಕೊಳಕು ನೀರು ಹೋಗಿ ಕೂರುವುದು ಅಲ್ಲೇ. ಮೂರು ವರ್ಷಕ್ಕೆ ಹಾಲುಬಣ್ಣದ ನೆಲದ ತುಂಬ ಕಪ್ಪು ಚೌಕುಳಿ ಮೂಡುತ್ತೆ. ಆಗ ಯಾರೋ ಆಸಿಡ್ ಹಾಕಿ ತಿಕ್ಕಿ ಅನ್ನುತ್ತಾರೆ. ತಿಕ್ಕಿದ ದಿನ ಬೆಳ್ಳಗೆ ಕಾಣುವುದು ನಿಜ. ಆಸಿಡ್ ತಿಂದದ್ದು ಸಿಮೆಂಟನ್ನು, ಮುಂದಿನ ಸಲ ನೀರು ಇನ್ನೂ ಒಳಕ್ಕೆ ಇಳಿಯುತ್ತೆ. ಇದೆಲ್ಲ ನಮ್ಮ ಮನೆಯಲ್ಲೇ ಆಗಿದೆ. ಈಗಲೂ ಊಟದ ಮೇಜಿನ ಕೆಳಗೆ ಎರಡು ಬಿಲ್ಲೆ ತಟ್ಟಿದರೆ ಟೊಳ್ಳು ಸದ್ದು. ಒಂದು ಒಡೆದರೆ ಹಾಕಲು ಅದೇ ಡಿಸೈನು ಇವತ್ತು ಯಾವ ಅಂಗಡಿಯಲ್ಲೂ ಇಲ್ಲ. ಟೈಲ್ಸ್ ಹಾಕಿಸುವವರು ದಯವಿಟ್ಟು ಒಂದು ಬಾಕ್ಸ್ ಹೆಚ್ಚಿಗೆ ತಂದು ಅಟ್ಟದಲ್ಲಿಡಿ.

ಇದಕ್ಕಿಂತ ದೊಡ್ಡ ತಪ್ಪೊಂದು ನನ್ನಿಂದ ಆಗಿದೆ, ಅದನ್ನು ಇಲ್ಲಿ ಬರೆಯಲೇಬೇಕು. ಬಿಳಿ ಬಾತ್‌ರೂಮು ಬಿಳಿಯಾಗಿಯೇ ಇರಬೇಕು ಅಂತ ನಾನು ಒಂದು ಕಡೆ ಟಾಯ್ಲೆಟ್ ತೊಳೆಯುವ ಆಸಿಡ್ ಬಾಟಲಿ, ಇನ್ನೊಂದು ಕಡೆ ಬ್ಲೀಚಿಂಗ್ ಪೌಡರ್ ಇಟ್ಟಿದ್ದೆ. ಮನೆಗೆಲಸಕ್ಕೆ ಬರುವಾಕೆಗೆ ಎರಡನ್ನೂ ತೋರಿಸಿದ್ದೆ, ಎರಡನ್ನೂ ಸೇರಿಸಬಾರದು ಅಂತ ಹೇಳಿರಲಿಲ್ಲ. ಬೇಗ ಬೆಳ್ಳಗಾಗಲಿ ಅಂತ ಆಕೆ ಒಂದರ ಮೇಲೊಂದು ಹಾಕಿದ್ದಾಳೆ. ಕೆಮ್ಮಿನ ಸದ್ದು ಕೇಳಿ ಓಡಿದೆ. ಬಾಗಿಲು ಹಾಕಿಕೊಂಡು ತೊಳೆಯುತ್ತಿದ್ದಾಕೆ ಗೋಡೆ ಹಿಡಿದು ಹೊರಗೆ ಬರುತ್ತಿದ್ದಳು, ಕಣ್ಣಲ್ಲಿ ಧಾರಾಕಾರ ನೀರು, ಉಸಿರು ಎಳೆಯಲು ಆಗುತ್ತಿಲ್ಲ. ಅವೆರಡು ಸೇರಿದರೆ ಹುಟ್ಟುವುದು ಕ್ಲೋರಿನ್ ಅನಿಲ. ಬಾಲ್ಕನಿಗೆ ಕರೆದುಕೊಂಡು ಹೋಗಿ ಕೂರಿಸಿದೆ, ಡಾಕ್ಟರ ಹತ್ತಿರ ಹೋದೆವು. ವಾರದವರೆಗೂ ಆಕೆಯ ದನಿ ಸರಿಹೋಗಲಿಲ್ಲ. “ನಿಮ್ಮ ಮನೆ ನೆಲ ಒರೆಸೋದು ಸುಲಭ ಅಕ್ಕ, ಬೆಳ್ಳಗಿಡೋದೇ ಕಷ್ಟ” ಅಂದಳು, ಅದೂ ನನ್ನನ್ನು ಸಮಾಧಾನ ಮಾಡುವ ದನಿಯಲ್ಲಿ.

ಮೇಂಟೆನೆನ್ಸೇ ಇಲ್ಲ ಅಂದರಲ್ಲ, ಆ ಕೆಲಸ ಎಲ್ಲಿಗೂ ಹೋಗಿರಲಿಲ್ಲ. ನನ್ನ ಕೈಯಿಂದ ಆಕೆಯ ಕೈಗೆ, ಆಕೆಯ ಎದೆಗೂಡಿಗೆ ಹೋಗಿತ್ತು. ಈಗ ನಮ್ಮ ಮನೆಯಲ್ಲಿ ಆಸಿಡ್ಡೇ ಇಲ್ಲ. ಬೋರ್‌ವೆಲ್ ನೀರಿಗೆ ನಲ್ಲಿಯ ಮೇಲೆ ಬಿಳಿ ಪೊರೆ ಕಟ್ಟಿದರೆ ಹಿಂಡಿದ ನಿಂಬೆಹೋಳು ಉಜ್ಜಿ ಹತ್ತು ನಿಮಿಷ ಬಿಟ್ಟು ತೊಳೆದರೆ ಹೋಗುತ್ತೆ. ಆಸಿಡ್ ಹಾಕಿದರೆ ನಲ್ಲಿಯ ಹೊಳಪಿನ ಲೇಪವೇ ಎದ್ದು ಬರುತ್ತೆ. ಬಾತ್‌ರೂಮಿಗೆ ದಿನಾ ಸ್ನಾನವಾದ ಮೇಲೆ ಒಂದು ವೈಪರ್ ಎಳೆದು ಕಿಟಕಿ ತೆಗೆದಿಟ್ಟರೆ ಮುಕ್ಕಾಲು ಪಾಲು ಕೆಲಸ ಆದ ಹಾಗೆ. ಅದನ್ನು ಸ್ನಾನ ಮಾಡಿದವರೇ ಮಾಡಬೇಕು.

ಯಾರ ಮಂಡಿ?

ಇಷ್ಟೆಲ್ಲ ಹೇಳಿ ಗಾರೆ ನೆಲವೇ ಶ್ರೇಷ್ಠ ಅಂತ ತೀರ್ಪು ಕೊಡಲು ನಾನೂ ಮೊದಲು ಹೊರಟಿದ್ದೆ. ಅಮ್ಮನಿಗೆ ಫೋನ್ ಮಾಡಿ, “ಅಷ್ಟು ವರ್ಷ ಕಷ್ಟಪಟ್ಟು ಕಾಪಾಡಿದ ನೆಲ ಅಮ್ಮ ಅದು” ಅಂದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ, “ನೆಲ ನನಗೇನೂ ಕಷ್ಟ ಕೊಡಲಿಲ್ಲ ಕಣೆ. ನೀವ್ಯಾರೂ ಒಂದು ದಿನ ಒರೆಸಲಿಲ್ಲವಲ್ಲ, ಅದು ಕಷ್ಟ” ಅಂದಳು.

ನಿಜ. ಪ್ರತಿ ಗುರುವಾರ ಸಂಜೆ, ಕಾಯಿಹಾಲು ಹಿಂಡಿ ಉಳಿದ ಚರಟವನ್ನು ಹಳೇ ಪಂಚೆ ತುಂಡಿನಲ್ಲಿ ಗಂಟು ಕಟ್ಟಿಕೊಂಡು ಅವಳು ನಡುಮನೆಯನ್ನು ಇಂಚಿಂಚೂ ತಿಕ್ಕುತ್ತಿದ್ದಳು. ಆಮೇಲೆ ಒಣಬಟ್ಟೆಯಲ್ಲಿ ಇನ್ನೊಂದು ಸುತ್ತು. ಬಂದ ನೆಂಟರಿಗೆಲ್ಲ ಅಪ್ಪ “ನೋಡಿ, ಮುಖ ಕಾಣುತ್ತೆ” ಅನ್ನುತ್ತಿದ್ದರು. ನಾನು ಆ ತಣ್ಣನೆ ನೆಲದ ಮೇಲೆ ಮಗ್ಗುಲಾಗಿ ಮಲಗಿ ಕತೆಪುಸ್ತಕ ಓದುತ್ತಿದ್ದೆ, ಅವಳು ನನ್ನ ಸುತ್ತ ತಿಕ್ಕಿಕೊಂಡು ಹೋಗುತ್ತಿದ್ದಳು. ನನ್ನ ನೆನಪಿನಲ್ಲಿ ಅಷ್ಟು ಚೆಂದವಾಗಿರುವ ಹೊಳಪು ಅವಳ ಮಂಡಿಯಿಂದ ಬಂದದ್ದು. ಹಳೇ ಮನೆಗಳ ಅಂದದ ಬಗ್ಗೆ ಬರೆಯುವವರು, ನನ್ನನ್ನೂ ಸೇರಿಸಿಯೇ ಹೇಳುತ್ತಿದ್ದೇನೆ, ಈ ಲೆಕ್ಕವನ್ನು ಬಿಟ್ಟು ಬರೆಯಬಾರದು.

ತಮ್ಮನ ಹೆಂಡತಿ ಇನ್ನೂ ನೇರವಾಗಿ ಹೇಳಿದಳು. ಅವಳು ಶಾಲೆಯಲ್ಲಿ ಪಾಠ ಮಾಡುತ್ತಾಳೆ, ಬೆಳಿಗ್ಗೆ ಎಂಟಕ್ಕೆ ಮನೆ ಬಿಡಬೇಕು. “ಅಕ್ಕ, ನೀವು ವರ್ಷಕ್ಕೆ ಎರಡು ಸಲ ಬಂದು ನೋಡೋ ನೆಲ ಅದು. ದಿನಾ ಒರೆಸೋಳು ನಾನು.” ಅವಳಿಗೆ ನನ್ನ ಹತ್ತಿರ ಎದುರುತ್ತರ ಇರಲಿಲ್ಲ. ಇದ್ದದ್ದು ಒಂದು ಪ್ರಶ್ನೆ ಮಾತ್ರ. ದಿನದ ಕೆಲಸದಲ್ಲಿ ಟೈಲ್ಸಿಗೂ ಗಾರೆಗೂ ನಿಜವಾಗಿ ಏನು ವ್ಯತ್ಯಾಸ? ಎರಡಕ್ಕೂ ಗುಡಿಸಬೇಕು, ಎರಡಕ್ಕೂ ಒದ್ದೆಬಟ್ಟೆ ಎಳೆಯಬೇಕು, ಕೋಲಿನ ಮಾಪಿನಲ್ಲಿ ಎರಡನ್ನೂ ನಿಂತೇ ಒರೆಸಬಹುದು. ಗಾರೆಗೆ ಹೆಚ್ಚಿಗೆ ಬೇಕಾದದ್ದು ಎಣ್ಣೆ. ಅದು ವಾರಕ್ಕೊಂದು ಸಲ ಆಗಲೇಬೇಕು ಅಂತೇನೂ ಇಲ್ಲ. ಅಮ್ಮನ ಕಾಲದಲ್ಲಿ ನಾಲ್ಕು ಜನ ಏನಂದುಕೊಳ್ಳುತ್ತಾರೋ ಅಂತ ಇದ್ದ ಅಳತೆ ಅದು. ವರ್ಷಕ್ಕೆ ಎರಡು ಮೂರು ಸಲ ಸಾಕು. ಇಡೀ ಕೋಣೆಗೆ ನಾಲ್ಕೈದು ಚಮಚ ಕೊಬ್ಬರಿ ಎಣ್ಣೆ ಬಟ್ಟೆಗೆ ಹಾಕಿಕೊಂಡು ತೆಳ್ಳಗೆ ಹಚ್ಚಿ, ಒಂದು ರಾತ್ರಿ ಬಿಟ್ಟು, ಬೆಳಿಗ್ಗೆ ಒಣಬಟ್ಟೆಯಲ್ಲಿ ಬೆರಳಿಗೆ ಜಿಡ್ಡು ಹತ್ತದ ಹಾಗೆ ಉಜ್ಜಿ ತೆಗೆಯಬೇಕು. ಎಣ್ಣೆ ಹೆಚ್ಚಾದರೆ ದೂಳು ಮೆತ್ತಿಕೊಳ್ಳುತ್ತೆ, ಕಾಲೂ ಜಾರುತ್ತೆ. ಮನೆಯಲ್ಲಿ ವಯಸ್ಸಾದವರಿದ್ದರೆ ಅವರ ಮಂಚದಿಂದ ಬಚ್ಚಲಿಗೆ ಹೋಗುವ ದಾರಿಗೆ ಎಣ್ಣೆಯನ್ನು ಸೋಕಿಸಲೇ ಬಾರದು. ಆ ಪಟ್ಟಿ ಮಂಕಾಗಿಯೇ ಇರಲಿ.

“ಎಣ್ಣೆ ಹಚ್ಚೋದು ಯಾರು?” ಅಂತ ಅವಳು ಕೇಳಿದಳು. ತಮ್ಮ ಸ್ವಲ್ಪ ಹೊತ್ತು ಬಿಟ್ಟು, “ನಾನೇ ಹಚ್ತೀನಿ” ಅಂದ. ಅವಳು, “ಗೌರಿ ಹಬ್ಬಕ್ಕೆ ನೋಡೋಣ” ಅಂದಳು.

ಮೂಲೆಯ ಪದರ ಯಾಕೆ ಎದ್ದಿತು

ಯಾವುದನ್ನೂ ತೀರ್ಮಾನಿಸುವ ಮೊದಲು ಒಬ್ಬರು ಹಳೇ ಗಾರೆ ಕೆಲಸದವರಿಗೆ ತೋರಿಸೋಣ ಅಂತ ಒಪ್ಪಿಸಿದೆ. ಈಗ ಆ ಕೆಲಸ ಗೊತ್ತಿರುವವರು ಕಡಿಮೆ, ಎರಡು ವಾರ ಹುಡುಕಿದ ಮೇಲೆ ಪಕ್ಕದ ಊರಿನ ಒಬ್ಬರು ಸಿಕ್ಕರು. ಬಂದವರು ನೆಲ ನೋಡುವ ಮೊದಲು ಗೋಡೆ ನೋಡಿದರು. ಬಚ್ಚಲಿಗೂ ನಡುಮನೆಗೂ ಮಧ್ಯದ ಗೋಡೆ ಮೊಣಕಾಲೆತ್ತರಕ್ಕೆ ಉಪ್ಪು ಬಿಟ್ಟಿತ್ತು, ಬಣ್ಣ ಗುಳ್ಳೆಗುಳ್ಳೆಯಾಗಿ ಎದ್ದಿತ್ತು. ಕೆಲವು ವರ್ಷದ ಹಿಂದೆ ಅಲ್ಲಿ ಪುಟ್ಟಿ ಬಳಿದು ಪ್ಲಾಸ್ಟಿಕ್ ಪೇಂಟ್ ಹೊಡೆಸಿದ್ದೆವು. ಅದಕ್ಕೆ ಮುಂಚೆ ಪ್ರತಿ ವರ್ಷ ಹಬ್ಬಕ್ಕೆ ನೀಲಿ ಬೆರೆಸಿದ ಸುಣ್ಣ. ಸುಣ್ಣ ತೇವವನ್ನು ಹಿಡಿದಿಡುವುದಿಲ್ಲ, ಆವಿಯಾಗಿ ಹೋಗಲು ಬಿಡುತ್ತೆ, ಅದರ ಕ್ಷಾರಕ್ಕೆ ಬೂಸ್ಟೂ ಬರುವುದಿಲ್ಲ. ಪ್ಲಾಸ್ಟಿಕ್ ಪೇಂಟು ಮುಚ್ಚಳ ಹಾಕಿದ ಹಾಗೆ. ಒಳಗಿನ ನೀರಿಗೆ ಹೊರಗೆ ಬರಲು ದಾರಿಯಿಲ್ಲದೆ ಮೇಲಕ್ಕೂ ಪಕ್ಕಕ್ಕೂ ಹಬ್ಬುತ್ತೆ, ಜೊತೆಗೆ ಬಂದ ಉಪ್ಪು ಹರಳುಗಟ್ಟಿ ಬಣ್ಣವನ್ನು ಎಬ್ಬಿಸುತ್ತೆ.

ಮೇಸ್ತ್ರಿ ಬಚ್ಚಲಿಗೆ ಹೋಗಿ ಎರಡು ಬಿಂದಿಗೆ ನೀರು ಸುರಿಸಿ ಹೊರಗಿನ ಚರಂಡಿಯ ಹತ್ತಿರ ನಿಂತರು. ಒಂದು ಬಿಂದಿಗೆಯಷ್ಟೂ ಹೊರಗೆ ಬರಲಿಲ್ಲ. ನೀರು ಹೋಗುವ ಪೈಪಿನ ಕೂಡು ಗೋಡೆಯೊಳಗೆ ಬಿಟ್ಟುಕೊಂಡಿತ್ತು, ಎಷ್ಟು ವರ್ಷದಿಂದಲೋ. ಸ್ನಾನದ ನೀರೆಲ್ಲ ನೆಲದಡಿಗೆ ಇಳಿದು ಗಾರೆಯ ಮೂಲೆಯನ್ನು ಎಬ್ಬಿಸಿದೆ. “ಇದರ ಮೇಲೆ ಟೈಲ್ಸ್ ಮೆತ್ತಿದ್ರೆ ಇನ್ನು ಹತ್ತು ವರ್ಷ ನಿಮಗೆ ಗೊತ್ತೇ ಆಗ್ತಿರಲಿಲ್ಲ. ಗೊತ್ತಾಗೋ ಹೊತ್ತಿಗೆ ಗೋಡೆ ಕೂತಿರೋದು” ಅಂದರು. ತಮ್ಮ ನನ್ನ ಮುಖ ನೋಡಿದ. ನಾನೂ ಇದನ್ನು ಊಹಿಸಿರಲಿಲ್ಲ. ನನಗಿದ್ದದ್ದು ಬರೀ ಸಂಕಟ, ಇಷ್ಟು ಗಟ್ಟಿ ಕಾರಣ ಇರಲಿಲ್ಲ.

ಗೋಡೆಯಲ್ಲಿ ತೇವ ಕಂಡರೆ ದಯವಿಟ್ಟು ಪೇಂಟ್ ಅಂಗಡಿಗೆ ಮೊದಲು ಹೋಗಬೇಡಿ. ಗೋಡೆಯ ಆಚೆ ಏನಿದೆ ನೋಡಿ: ಬಚ್ಚಲೋ, ಸಿಂಕೋ, ಮಳೆನೀರಿನ ಕೊಳವೆಯೋ, ಹೂವಿನ ಕುಂಡದ ಸಾಲೋ. ನೀರು ಬರುವ ದಾರಿ ಮುಚ್ಚಿ, ಎದ್ದ ಬಣ್ಣ, ಪುಟ್ಟಿ ಎಲ್ಲ ಕೆರೆದು ತೆಗೆದು, ಒಂದು ಬೇಸಿಗೆ ಗೋಡೆಯನ್ನು ಬರಿಮೈಯಲ್ಲೇ ಒಣಗಲು ಬಿಡಿ. ಉಪ್ಪನ್ನು ಒಣ ಬ್ರಷ್ಷಿನಲ್ಲಿ ಉದುರಿಸಿ, ನೀರು ಹಾಕಿ ತೊಳೆದರೆ ಕರಗಿ ಮತ್ತೆ ಒಳಗೇ ಹೋಗುತ್ತೆ. ನೋಡಲು ಚೆನ್ನಾಗಿಲ್ಲ ಅಂತ ಟೈಲ್ಸನ್ನೋ ಮರದ ಹಲಗೆಯನ್ನೋ ಅದರ ಮೇಲೆ ಮೆತ್ತಿದರೆ ತೇವ ಅದರ ಹಿಂದೆಯೇ ಏರಿ, ಹಲಗೆ ಮುಗಿದ ಜಾಗದಲ್ಲಿ ಹೊರಬರುತ್ತೆ. ನಮ್ಮಲ್ಲಿ ಆ ಗೋಡೆಗೆ ಈಗ ಮತ್ತೆ ಸುಣ್ಣವೇ.

ಅಲಂಕಾರದ ಮಾತು ಬಂದದ್ದರಿಂದ ಬೆಳಕಿನ ಬಗ್ಗೆ ಒಂದಿಷ್ಟು. ನಡುಮನೆಯಲ್ಲಿ 6500 ಕೆಲ್ವಿನ್‌ನ ನೀಲಿಬಿಳುಪಿನ ಎಲ್‌ಇಡಿ ಟ್ಯೂಬ್ ಇತ್ತು. ಆ ಬೆಳಕಿಗೆ ಕೆಂಪು ನೆಲ ಸತ್ತ ಹಾಗೆ ಕಾಣುತ್ತೆ, ಮನುಷ್ಯರ ಮುಖವೂ ಅಷ್ಟೇ. ಬಲ್ಬಿನ ಡಬ್ಬದ ಮೇಲೆ 2700 ಅಥವಾ 3000 ಕೆಲ್ವಿನ್ ಅಂತ, ಅಂದರೆ ಹಳದಿ ಬೆಳಕಿನದು ಅಂತ, ಬರೆದಿರುವುದನ್ನು ನೋಡಿ ತಂದು ಎರಡು ಕಡೆ ಹಾಕಿದೆ. ಓದುವ ಮೇಜಿಗೆ ಮಾತ್ರ ಬಿಳಿ ಬೆಳಕು ಇರಲಿ ಅಂತ ಬಿಟ್ಟೆ. ಆ ಸಂಜೆ ತಮ್ಮನ ಹೆಂಡತಿ ನೆಲ ನೋಡಿ, “ಒರೆಸೇ ಇಲ್ಲ, ಆದ್ರೂ ಒರೆಸಿದ ಹಾಗಿದೆ” ಅಂದಳು. ಫಾಲ್ಸ್ ಸೀಲಿಂಗು, ಗೋಡೆಗೆ ಅಂಟಿಸುವ ಚಿತ್ರದ ಹಾಳೆ ಇವುಗಳಿಗೆಲ್ಲ ದುಡ್ಡು ಹಾಕುವ ಮೊದಲು ಬಲ್ಬು ಬದಲಾಯಿಸಿ ನೋಡಿ ಅಂತ ನನ್ನ ಸಲಹೆ.

ತೇಪೆ

ಬಚ್ಚಲಿಗೆ ಹೊಸ ಪೈಪು ಹಾಕಿ, ಒದ್ದೆಯಾದರೂ ಕಾಲು ಜಾರದ ಒರಟು ಟೈಲ್ಸ್ ಹಾಕಿಸಿದೆವು, ಗೋಡೆಗೆ ಹಿಡಿದುಕೊಳ್ಳಲು ಕಂಬಿಯನ್ನೂ. ಅಲ್ಲಿಗೆ ಟೈಲ್ಸೇ ಸರಿ, ನನಗೆ ಎರಡನೇ ಮಾತಿಲ್ಲ. ದೇವರ ಮನೆಯ ಬಿರುಕನ್ನು ಕೊಂಚ ಅಗಲ ಮಾಡಿ ತುಂಬಿಸಿದರು. ಗಾರೆ ಆರುತ್ತಾ ಕುಗ್ಗುತ್ತೆ, ನಡುವೆ ಎಲ್ಲೂ ಕೂಡು ಬಿಡದೆ ಅಷ್ಟುದ್ದ ಹಾಕಿದ್ದಕ್ಕೆ ಅದೇ ಒಂದು ದಾರಿ ಮಾಡಿಕೊಂಡಿತ್ತು ಅಂದರು ಮೇಸ್ತ್ರಿ. ಉಳಿದದ್ದು ಮೂಲೆ. ಸಡಿಲವಾದದ್ದನ್ನೆಲ್ಲ ಕೆತ್ತಿ ತೆಗೆದು, ತಳವನ್ನು ಒರಟು ಮಾಡಿ, ನೆನೆಸಿ, ಕೆಂಪು ಕಲೆಸಲು ಕೂತರು.

ಬಣ್ಣ ಹೊಂದಿಸಲು ಮೂರು ಸಲ ಪ್ರಯತ್ನಪಟ್ಟರು. ಅಂಗೈಯಗಲದ ಬಿಲ್ಲೆಗಳನ್ನು ಮಾಡಿ ಬಿಸಿಲಲ್ಲಿ ಒಣಗಿಸಿ ಹಳೇ ನೆಲದ ಪಕ್ಕ ಇಟ್ಟು ನೋಡಿದರು. ಒಂದು ಇಟ್ಟಿಗೆಯ ಬಣ್ಣ, ಒಂದು ಕುಂಕುಮದ ಹಾಗೆ, ಮೂರನೆಯದು ಹತ್ತಿರಕ್ಕೆ ಬಂತು, ಆದರೂ ಅದಲ್ಲ. ಸಿಮೆಂಟು ಬೇರೆ, ಪುಡಿ ಬೇರೆ, ಐವತ್ತು ವರ್ಷದ ಎಣ್ಣೆ ಕುಡಿದ ನೆಲ ಬೇರೆ. ಮೂರನೆಯದನ್ನೇ ಹಾಕಿದರು. ಕರಣೆಯ ಸದ್ದು ತೆಳ್ಳಗಾಗುವ ಹೊತ್ತಿಗೆ ಸಂಜೆಯಾಗಿತ್ತು. ತಮ್ಮ ಮೇಸ್ತ್ರಿಯ ಪಕ್ಕ ಕುಕ್ಕರಗಾಲಲ್ಲಿ ಕೂತು ಬಾಂಡ್ಲಿ ಹಿಡಿದಿದ್ದ. ಹೊಸ ತೇಪೆ ಹಳೇ ನೆಲಕ್ಕಿಂತ ಒಂದು ಪಟ್ಟು ಗಾಢವಾಗಿ, ಎದ್ದು ಕಾಣುತ್ತಿತ್ತು. ನನಗೆ ಬೇಸರವಾಯಿತು.

ಅಮ್ಮ ಮಂಚದ ಮೇಲಿಂದ ಇಡೀ ದಿನ ನೋಡುತ್ತಿದ್ದವಳು, “ಬಿಡು, ಒಂದು ಐದಾರು ವರ್ಷಕ್ಕೆ ತಾನೇ ಹೊಂದ್ಕೊಳತ್ತೆ” ಅಂದಳು.

ಕತ್ತಲಾದ ಮೇಲೆ ತಮ್ಮ ಅಂಗಳದಲ್ಲಿ ಗೋಣಿಚೀಲ ನೆನೆಸುತ್ತಿದ್ದ. ನೀರಿನ ಸದ್ದು ಕೇಳಿ ಅಮ್ಮ ಒಳಗಿನಿಂದಲೇ ಕೂಗಿದಳು, “ನಾಳೆ ಬೆಳಿಗ್ಗೆ ಹಾಕೋ. ಇವತ್ತು ರಾತ್ರಿ ಹಾಕಬೇಡ.”